ಕಾಗದ ಹೊಳೆಯುವಷ್ಟು ಹೊತ್ತು

(ಚಿತ್ರ ಬರೆಯುತ್ತ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆಗಳನ್ನು ತೆಗೆದಿದ್ದೇನೆ. ಕುಂಚ ಕೈಗೆತ್ತಿಕೊಂಡಾಗ ಮಾತು ತುಂಡಾದದ್ದನ್ನು ಹಾಗೆಯೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಕಾಗದವನ್ನು ಒದ್ದೆ ಮಾಡಿಬಿಡುತ್ತೇನೆ, ಆಮೇಲೆ ಮಾತು. ಇದು ಹತ್ತಿಯ ಕಾಗದ, ಚದರ ಮೀಟರಿಗೆ 300 ಗ್ರಾಂ ತೂಕದ್ದು. ಇದಕ್ಕಿಂತ ತೆಳುವಾದದ್ದು ನೀರು ಬಿದ್ದ ಕೂಡಲೇ ಉಬ್ಬಿ ಅಲೆಅಲೆಯಾಗುತ್ತದೆ. ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಹಲಗೆಗೆ ಬಿಗಿದಿದ್ದೇನೆ. ಹಲಗೆಯ ತಲೆಯಡಿಗೆ ಒಂದು ದಪ್ಪ ಪುಸ್ತಕ ಇಟ್ಟಿದ್ದೇನೆ. ಪುಸ್ತಕ ಯಾವುದೆಂದು ಕೇಳಬೇಡಿ, ನೀರಿಗೆ ಇಳಿಜಾರು ಬೇಕಿತ್ತು, ಅಷ್ಟೆ. ಮುಂದಿನ ಸಾಲಿನಿಂದ ಕನ್ನಡಕದ ಹಿರಿಯರೊಬ್ಬರು ಕೂರಲು ಒಪ್ಪಿದ್ದಾರೆ. ಕಿಟಕಿಯ ಬೆಳಕು ಅವರ ಎಡಗೆನ್ನೆಯ ಮೇಲೆ ಬೀಳುತ್ತಿದೆ, ಬಲಗೆನ್ನೆ ಪೂರ್ತಿ ನೆರಳಿನಲ್ಲಿದೆ. ಅಮ್ಮಾ, ನೀವು ಅಲುಗಾಡದೆ ಕೂರಬೇಕೆಂದೇನಿಲ್ಲ. ಬೇಸರವಾದರೆ ಆಕಳಿಸಿ. ಆಕಳಿಕೆಯ ನಂತರ ಮುಖ ಸಡಿಲವಾಗುತ್ತದೆ, ನನಗೆ ಅದೇ ಬೇಕು.

ನನಗೆ ಕೊಟ್ಟಿರುವ ವಿಷಯ "ಜಲವರ್ಣದ ಭಾವಚಿತ್ರ ಮತ್ತು ಸೃಜನಶೀಲ ಸ್ಫೂರ್ತಿ". ಸ್ಫೂರ್ತಿ ಎಂಬ ಮಾತು ಕೇಳಿದರೆ ನನಗೆ ಸ್ವಲ್ಪ ಗಾಬರಿಯಾಗುತ್ತದೆ. ಎಲ್ಲೋ ಮೇಲಿನಿಂದ ಇಳಿದು ಬರುತ್ತದೆ, ನಾವು ಸ್ನಾನ ಮಾಡಿ ಕಾದು ಕುಳಿತಿರಬೇಕು ಎಂಬ ಧಾಟಿ ಅದರಲ್ಲಿದೆ. ಕಾದು ಕುಳಿತು ನಾನು ವರ್ಷಗಳನ್ನೇ ಕಳೆದಿದ್ದೇನೆ. ಅದಕ್ಕಿಂತ ನಮ್ಮ ದಿನಬಳಕೆಯ ಮಾತು ಎಷ್ಟೋ ವಾಸಿ: "ಹೊಳೆಯಿತು" ಎನ್ನುತ್ತೇವೆ. ಏನೋ ಹೊಳೆಯಿತು, ಏನೂ ಹೊಳೆಯಲಿಲ್ಲ, ಆ ಕ್ಷಣಕ್ಕೆ ಹೊಳೆಯದೇ ಹೋಯಿತು. ಒದ್ದೆಯಾದ ಕಾಗದವೂ ಹೊಳೆಯುತ್ತದೆ. ಹರಿಯುವ ನೀರಿಗೂ ಹೊಳೆ ಎಂದೇ ಹೆಸರು. ಈ ಮೂರೂ ಒಂದೇ ಬೇರಿನವೋ ಅಲ್ಲವೋ ಭಾಷಾ ಪಂಡಿತರು ಹೇಳಲಿ. ಕೆಲಸ ಮಾಡುವವಳಿಗೆ ಅವು ಒಂದೇ. ಇಷ್ಟು ವರ್ಷಗಳಲ್ಲಿ ನನಗೆ ಏನಾದರೂ ಹೊಳೆದಿದ್ದರೆ ಅದು ಕಾಗದ ಹೊಳೆಯುತ್ತಿದ್ದ ಹೊತ್ತಿನಲ್ಲಿ. ಅದಕ್ಕೆ ಮೊದಲೂ ಅಲ್ಲ, ಆಮೇಲೂ ಅಲ್ಲ. ಈ ಸಂಜೆ ನಾನು ಹೇಳಲು ಬಂದಿರುವುದು ಇಷ್ಟೇ. ಉಳಿದದ್ದು ಅದರ ವಿವರ.

ಈಗ ಕಾಗದವನ್ನು ಓರೆಯಾಗಿ ಹಿಡಿಯುತ್ತೇನೆ, ಹಿಂದಿನವರಿಗೂ ಕಾಣಲಿ. ಕನ್ನಡಿಯಂತೆ ಮಿನುಗುತ್ತಿದೆ, ಮೇಲೆ ನೀರು ನಿಂತಿದೆ. ಈಗ ಬಣ್ಣ ಹಾಕಿದರೆ ಅದು ತನಗೆ ಬೇಕಾದಲ್ಲಿಗೆ ಹೋಗುತ್ತದೆ, ನನ್ನ ಮಾತು ಕೇಳುವುದಿಲ್ಲ. ಒಂದೆರಡು ನಿಮಿಷ ಬಿಟ್ಟರೆ ಕನ್ನಡಿ ಮಾಸಿ ರೇಷ್ಮೆಯಂಥ ಮಂದ ಹೊಳಪು ಉಳಿಯುತ್ತದೆ. ಆಗ ಬಣ್ಣ ಹರಡುತ್ತದೆ, ಆದರೆ ಇಟ್ಟ ಜಾಗವನ್ನು ಪೂರ್ತಿ ಮರೆಯುವುದಿಲ್ಲ. ಕೆನ್ನೆಯ ತಿರುವು, ಹಣೆಯಿಂದ ಕೂದಲಿಗೆ ಹೋಗುವ ಗಡಿ, ಕುತ್ತಿಗೆಯ ನೆರಳು, ಎಲ್ಲವೂ ಆ ಹೊತ್ತಿನ ಕೆಲಸ. ಆಮೇಲೆ ಹೊಳಪು ಹೋಗಿ ಕಾಗದ ಮಂಕಾಗುತ್ತದೆ. ನೋಡಲು ಒಣಗಿದಂತಿರುತ್ತದೆ, ಅಂಗೈ ಹಿಂಭಾಗ ತಾಗಿಸಿದರೆ ಮಾತ್ರ ತಣ್ಣಗಿರುತ್ತದೆ. ಕೈ ಕಟ್ಟಿ ಕೂರಬೇಕಾದ ಹೊತ್ತು ಅದು. ಹೊಸಬರು ಹೆಚ್ಚು ಚಿತ್ರ ಕೆಡಿಸುವುದು ಆಗಲೇ. ಹಳಬರೂ.

ಯಾಕೆ ಕೆಡುತ್ತದೆ? ಕಾಗದ ಅರೆ ಆರಿರುವಾಗ ಅದಕ್ಕಿಂತ ಒದ್ದೆಯಾದ ಕುಂಚ ತಾಗಿದರೆ, ಹೊಸ ನೀರು ಹಳೆಯ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿಕೊಂಡು ಹೋಗುತ್ತದೆ. ತಳ್ಳಿ ತಳ್ಳಿ ಒಂದು ಕಡೆ ಸುಸ್ತಾಗಿ ನಿಲ್ಲುತ್ತದೆ. ನಿಂತ ಕಡೆ ಗಾಢವಾದ ಅಂಚು, ಒಳಗೆ ಪೇಲವ ಬಿಳುಪು. ಅಂಚು ಹೂಕೋಸಿನ ಹಾಗೆ ಹಲ್ಲುಹಲ್ಲಾಗಿರುತ್ತದೆ, ಇಂಗ್ಲಿಷ್ ಚಿತ್ರಕಾರರು ಅದನ್ನು ಹಾಗೆಯೇ ಕರೆಯುತ್ತಾರೆ. ಇದಕ್ಕೆ ಹತ್ತಿರದ ಇನ್ನೊಂದು ಸಂಗತಿ ನಿಮಗೆಲ್ಲ ಗೊತ್ತು: ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದಾಗ ನಡುವೆ ತೆಳುವಾಗಿ, ಸುತ್ತ ಕಪ್ಪು ಬಳೆಯಾಗಿ ಉಳಿಯುತ್ತದೆ. ಅದೇಕೆ ಹಾಗೆಂದು 1997ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ವಿವರಿಸಿದರು. ಹನಿಯ ಅಂಚು ಮೇಜಿಗೆ ಕಚ್ಚಿಕೊಂಡಿರುತ್ತದೆ, ಅಲ್ಲಿ ನೀರು ಬೇಗ ಆವಿಯಾಗುತ್ತದೆ, ಆ ಕೊರತೆ ತುಂಬಲು ನಡುವಿನ ನೀರು ಕಣಗಳನ್ನು ಹೊತ್ತುಕೊಂಡು ಅಂಚಿಗೆ ಓಡುತ್ತದೆ. ಜಲವರ್ಣದಲ್ಲಿ ಬಣ್ಣದ ಪ್ರತಿ ತೇಪೆಗೂ ತಾನಾಗಿ ಒಂದು ಗೆರೆ ಬರುವುದು ಇದೇ ಕಾರಣಕ್ಕೆ. ನಾನು ಬರೆಯದ ಗೆರೆ ಅದು. ಮುಖದಲ್ಲಿ ಅದು ಸರಿಯಾದ ಜಾಗದಲ್ಲಿ ಬಿದ್ದರೆ ರೆಪ್ಪೆಯ ಅಂಚಾಗುತ್ತದೆ, ತಪ್ಪಿದರೆ ಗಾಯದ ಗುರುತು.

ಸರಿ, ರೇಷ್ಮೆಯ ಹೊಳಪು ಬಂತು. ಒಂದು ನಿಮಿಷ.

(ಇಲ್ಲಿ ಸುಮಾರು ನಾಲ್ಕು ನಿಮಿಷ ಮಾತಿಲ್ಲ. ಬರ್ಂಟ್ ಸಿಯೆನಾ ಎಂಬ ಕೆಂಗಂದು ಬಣ್ಣವನ್ನೂ ಅಲ್ಟ್ರಾಮರೀನ್ ನೀಲಿಯನ್ನೂ ಪ್ಯಾಲೆಟ್ಟಿನಲ್ಲಿ ಕಲಸದೆ ಕಾಗದದ ಮೇಲೆಯೇ ಒಂದರ ಪಕ್ಕ ಒಂದು ಬಿಟ್ಟೆ. ಬಲಗೆನ್ನೆ, ಮೂಗಿನ ಪಕ್ಕ, ಗಲ್ಲದ ಕೆಳಗು, ಕುತ್ತಿಗೆ, ಎಲ್ಲ ಸೇರಿ ಒಂದೇ ನೆರಳಿನ ತುಂಡು.)

ಏನು ಮಾಡಿದೆ ನೋಡಿ. ಕಣ್ಣು ಬರೆಯಲಿಲ್ಲ, ಮೂಗು ಬರೆಯಲಿಲ್ಲ. ನೆರಳು ಎಲ್ಲಿದೆಯೋ ಅದನ್ನು ಒಂದು ದೇಶದ ಭೂಪಟದಂತೆ ಬರೆದೆ. ಆದರೂ ನಿಮಗೆ ಮುಖ ಕಾಣುತ್ತಿದೆ. ಈಗ ಹಲಗೆಯನ್ನು ತಲೆಕೆಳಗು ಮಾಡುತ್ತೇನೆ. ಹೋಯಿತು. ಬರೀ ಕಲೆ. ತಿರುಗಿಸಿದೆ, ಮತ್ತೆ ಬಂತು. ಇದು ನನ್ನ ಕೈಚಳಕವೇನೂ ಅಲ್ಲ, ನಿಮ್ಮ ತಲೆಯ ಕೆಲಸ. ಕ್ರೇಗ್ ಮೂನಿ ಎಂಬ ಮನೋವಿಜ್ಞಾನಿ 1957ರಲ್ಲಿ ಮುಖಗಳನ್ನು ಬರೀ ಕಪ್ಪು ಬಿಳುಪಿನ ತುಂಡುಗಳಾಗಿಸಿ, ನಡುವಿನ ಬೂದು ಛಾಯೆಗಳನ್ನೆಲ್ಲ ಕಿತ್ತುಹಾಕಿ, ಜನರಿಗೆ ತೋರಿಸಿದ. ಕಣ್ಣು ಎಲ್ಲಿ, ತುಟಿ ಎಲ್ಲಿ ಎಂದು ಬಿಡಿಯಾಗಿ ತೋರಿಸಲಾಗದ ಚಿತ್ರಗಳವು. ಆದರೂ ನೋಡುವವರಿಗೆ ಥಟ್ಟನೆ ಒಂದು ಮುಖ ಎದುರಾಗುತ್ತದೆ. ಅಂಥ ಚಿತ್ರವನ್ನು ತಲೆಕೆಳಗು ಮಾಡಿದರೆ ಮುಖ ಹಿಡಿಯುವುದು ಬಲು ಕಷ್ಟ. ಬೆಳಕು ನೆರಳಿನ ಹಂಚಿಕೆ ಒಂದಿಷ್ಟು ಸರಿಯಿದ್ದರೆ ಉಳಿದದ್ದನ್ನು ನೋಡುವವರು ತುಂಬಿಕೊಳ್ಳುತ್ತಾರೆ. ಭಾವಚಿತ್ರಕಾರರಿಗೆ ಇದಕ್ಕಿಂತ ದೊಡ್ಡ ಸಾಲ ಬೇರೆ ಯಾರೂ ಕೊಡಲಾರರು. ನಾವು ಮಾತ್ರ ಅದನ್ನು ನಂಬದೆ ಎಲ್ಲವನ್ನೂ ನಾವೇ ತುಂಬಲು ಹೋಗುತ್ತೇವೆ.

ಅಂದಹಾಗೆ, ಕಲೆ ಎಂದರೆ ನಮಗೆ ಬಟ್ಟೆಗೆ ಬಿದ್ದ ಗುರುತೂ ಹೌದು, ಗೋಡೆಗೆ ತೂಗುಹಾಕುವ ಚಿತ್ರವೂ ಹೌದು. ಜಲವರ್ಣಕ್ಕೆ ಕನ್ನಡದಷ್ಟು ಒಗ್ಗುವ ಭಾಷೆ ಇನ್ನೊಂದಿದೆಯೋ ಇಲ್ಲವೋ.

ತುಂಬಲು ಹೋಗಿ ಕೆಟ್ಟ ಕತೆ ಒಂದು ಹೇಳಲೇಬೇಕು, ನನ್ನದೇ. ಬಹಳ ಹಿಂದೆ ಗೆಳತಿಯೊಬ್ಬಳನ್ನು ಕೂರಿಸಿಕೊಂಡು ಬರೆಯುತ್ತಿದ್ದೆ. ಮೊದಲ ಇಪ್ಪತ್ತು ನಿಮಿಷ ಕೈ ತಾನಾಗಿ ಓಡಿತು. ಹಣೆಯ ಮೇಲೆ ಬೆಳಕು, ಒಂದು ಕಣ್ಣು ನೆರಳಿನಲ್ಲಿ ಕರಗಿತ್ತು, ತುಟಿಯ ಎಡ ತುದಿ ಸ್ವಲ್ಪ ಮೇಲೆ ಹೋಗಿತ್ತು. ಅವಳ ತುಟಿ ಹಾಗಿರಲಿಲ್ಲ. ತಿದ್ದಿದೆ. ತಿದ್ದಿದ್ದು ತೀರಾ ಕೆಳಗೆ ಬಂತು. ಒದ್ದೆ ಕುಂಚದಿಂದ ಉಜ್ಜಿ ತೆಗೆದೆ. ಜಲವರ್ಣಕ್ಕೆ ಅಂಟು ಎಂದರೆ ಗೋಂದು ಮಾತ್ರ, ಗಮ್ ಅರಾಬಿಕ್. ಒಣಗಿದ ಮೇಲೂ ನೀರು ತಾಗಿಸಿದರೆ ಬಹಳಷ್ಟು ಬಣ್ಣ ಮತ್ತೆ ಎದ್ದುಬರುತ್ತದೆ. ಹಾಗೆಂದು ಅದು ಕೊನೆಯಿಲ್ಲದ ಸೌಕರ್ಯವಲ್ಲ. ಮತ್ತೆ ಬರೆದೆ, ಮತ್ತೆ ತೆಗೆದೆ. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಕಾಗದದ ಮೇಲಿನ ಜೆಲಾಟಿನ್ ಲೇಪ ಹರಿದು ನಾರು ಎದ್ದಿತು. ತುಟಿಯ ತುದಿಯಲ್ಲಿ ಉಣ್ಣೆಯಂಥ ಒಂದು ಗಂಟು. ಅದನ್ನು ಮುಚ್ಚಲು ಕಡುಕೆಂಪು, ಕಡುಕೆಂಪಿಗೆ ಸರಿದೂಗಲು ಕಣ್ಣಿಗೆ ಕಪ್ಪು, ಕಣ್ಣಿಗೆ ಸರಿದೂಗಲು ಹುಬ್ಬು. ಮೂರು ಗಂಟೆಯ ನಂತರ ತೋರಿಸಿದೆ. "ನಾನೇ ಹೌದು," ಎಂದಳು, "ಪಾಸ್‌ಪೋರ್ಟಿನಲ್ಲಿರುವ ನಾನು."

ಮೇಲೆ ಹೋಗಿದ್ದ ಆ ತುಟಿಯ ತುದಿಯನ್ನು ಇವತ್ತಿಗೂ ನೆನೆಯುತ್ತೇನೆ. ಅವಳು ಏನೋ ತುಂಟ ಮಾತು ಹೇಳುವ ಮೊದಲು ಮುಖದಲ್ಲಿ ಒಂದು ಸೂಚನೆ ಬರುತ್ತಿತ್ತು, ಅದು ಅದೇ ಆಗಿತ್ತು. ನನ್ನ ಕೈ ನೋಡಿತ್ತು, ನಾನು ನೋಡಿರಲಿಲ್ಲ. ಕೈ ತಪ್ಪು ಮಾಡಿತು ಎಂದು ನಾನು ಕೈಗೆ ಹೊಡೆದೆ.

ಹೀಗೆ ಹೇಳಿದಾಗ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ: ಎಲ್ಲ ನೀರಿಗೆ ಬಿಟ್ಟುಬಿಡೋಣ, ಚೆಲ್ಲೋಣ, ಚಿಮುಕಿಸೋಣ, ಬಂದದ್ದೇ ಅಭಿವ್ಯಕ್ತಿ. ಈಗ ಎಲ್ಲಿ ನೋಡಿದರೂ ಇಂಥ ಮುಖಗಳು: ಒಂದು ಕಣ್ಣು ನುಣುಪಾಗಿ ಫೋಟೊದಂತೆ, ಉಳಿದ ಮುಖದ ಮೇಲೆ ನೇರಳೆ, ಹಸಿರು, ಕಿತ್ತಳೆ ಧಾರೆಗಳು. ನನಗೆ ಇವು ರುಚಿಸುವುದಿಲ್ಲ. ಸೋರಿಕೆಯನ್ನು ಒಡವೆಯಂತೆ ಮುಖಕ್ಕೆ ತೊಡಿಸಿದ ಹಾಗಿರುತ್ತದೆ. ಅದನ್ನು ತೆಗೆದರೂ ಮುಖಕ್ಕೆ ನಷ್ಟವಿಲ್ಲ. ಹೊಳೆಗೆ ಹಾಕಿದರೂ ಅಳೆದು ಹಾಕು ಎಂಬ ಗಾದೆ ಜಿಪುಣರಿಗಾಗಿ ಹುಟ್ಟಿರಬಹುದು, ಆದರೆ ಜಲವರ್ಣದವರು ಅದನ್ನು ಗೋಡೆಯ ಮೇಲೆ ಬರೆದುಕೊಳ್ಳಬೇಕು.

ಅಳೆದು ಹಾಕುವುದು ಹೇಗೆಂದು ನೋಡಬೇಕಾದರೆ ಡಚ್ ಚಿತ್ರಕಾರ ರೆಂಬ್ರಾಂಟ್. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಅವನದೊಂದು ಚಿತ್ರವಿದೆ, ಮಲಗಿರುವ ಯುವತಿಯದು, ಸುಮಾರು 1654ರದು. ಒಂದೇ ಕಂದು ಬಣ್ಣ, ಕುಂಚ ಮಾತ್ರ, ಅಳತೆಯಲ್ಲಿ ನೋಟ್‌ಬುಕ್ಕಿನ ಹಾಳೆಯಷ್ಟು. ಶಾಸ್ತ್ರದ ಪ್ರಕಾರ ಇದು ಜಲವರ್ಣವಲ್ಲ, ಆದರೆ ನೀರು, ಬಣ್ಣ, ಕುಂಚ, ಕಾಗದದ ಬಿಳುಪು ಎಲ್ಲ ಅವೇ. ಅವನ ಜೊತೆ ಬಾಳಿದ ಹೆಂಡ್ರಿಕ್ಯೆ ಈಕೆ ಎಂದು ಬಹಳ ಮಂದಿ ನಂಬುತ್ತಾರೆ. ತೋಳಿನ ಮೇಲೆ ತಲೆಯಿಟ್ಟು ಮುದುಡಿ ಮಲಗಿದ್ದಾಳೆ. ನಿಲುವಂಗಿಯ ಅಗಲಕ್ಕೆಲ್ಲ ಒದ್ದೆ ಕಡಿಮೆಯಿರುವ ಕುಂಚದ ಕೆಲವೇ ಎಳೆತಗಳು, ಕಾಗದದ ಉಬ್ಬುತಗ್ಗಿಗೆ ತಾಗಿ ಒಡೆದುಹೋದವು. ಬಟ್ಟೆಯ ತೂಕ ಅಷ್ಟರಲ್ಲೇ ಬಂದಿದೆ. ಮುಖಕ್ಕೆ ಬಂದರೆ ಇನ್ನೂ ಕಡಿಮೆ. ಅವಳು ಯಾವ ಹೊತ್ತಿನಲ್ಲಾದರೂ ಎಚ್ಚರಗೊಂಡಾಳು ಎಂಬ ಅವಸರ ಆ ಗೆರೆಗಳಲ್ಲಿದೆ. ಎಬ್ಬಿಸಬಾರದು ಎಂಬ ಜತನವೂ ಇದೆ. ನಾನು ಆ ಚಿತ್ರವನ್ನು ನಕಲು ಮಾಡಲು ಎಷ್ಟು ಸಲ ಕೂತಿದ್ದೇನೋ ಲೆಕ್ಕವಿಲ್ಲ. ಗೆರೆಗಳನ್ನು ನಕಲು ಮಾಡಬಹುದು. ಅವನು ಎಲ್ಲಿ ನಿಲ್ಲಿಸಿದನೋ ಅಲ್ಲಿ ನಿಲ್ಲಿಸುವುದು ಮಾತ್ರ ಬರುವುದಿಲ್ಲ, ಕೈ ಇನ್ನೊಂದು ಗೆರೆಗೆ ಹಾತೊರೆಯುತ್ತದೆ.

ನೀರಿಗೆ ಪೂರ್ತಿ ಒಪ್ಪಿಸಿಕೊಂಡೂ ಕೆಡದವರಲ್ಲಿ ಎಮಿಲ್ ನೋಲ್ಡೆ ಇದ್ದಾನೆ. ಜರ್ಮನಿಯವನು, 1867ರಿಂದ 1956ರವರೆಗೆ ಬದುಕಿದವನು. ಹೀರುವ ಜಪಾನಿ ಕಾಗದವನ್ನು ನೆನೆಸಿ ಬಣ್ಣ ಬಿಡುತ್ತಿದ್ದ, ಅದು ಕಾಗದದ ಹಿಂಬದಿಗೂ ಇಳಿಯುತ್ತಿತ್ತು. ಮೊದಲು ಬಣ್ಣದ ಕಲೆ, ಆಮೇಲೆ ಅದರೊಳಗೆ ಅಡಗಿರುವ ಮುಖಕ್ಕೆ ಒಂದೆರಡು ಗೆರೆ. ಅವನಿಗೆ ಯಾರನ್ನು ಬರೆಯುತ್ತಿದ್ದೇನೆ ಎಂಬುದು ಕೆಂಪು ಹಳದಿಗೆ ತಾಗಿದ ಮೇಲೆ ತಿಳಿಯುತ್ತಿತ್ತೋ ಏನೋ ಎನ್ನಿಸುತ್ತದೆ. 1941ರಲ್ಲಿ ನಾಜಿ ಆಡಳಿತ ಅವನ ವೃತ್ತಿಗೆ ನಿಷೇಧ ಹೇರಿತು. "ಬರೆಯದ ಚಿತ್ರಗಳು" ಎಂದು ಅವನೇ ಕರೆದ ಸಣ್ಣ ಜಲವರ್ಣಗಳು 1,300ಕ್ಕೂ ಹೆಚ್ಚಿವೆ. ಕದ್ದುಮುಚ್ಚಿ ಬರೆದ ಹುತಾತ್ಮ ಎಂಬ ಕತೆ ಬಹಳ ಕಾಲ ನಡೆಯಿತು. ಆದರೆ ಅವನೇ ನಾಜಿ ಪಕ್ಷದ ಸದಸ್ಯ, ಆ ವಿಚಾರಗಳ ಬೆಂಬಲಿಗ ಎಂಬುದಕ್ಕೆ ದಾಖಲೆಗಳಿವೆ, ಕತೆ ಈಗ ಕುಸಿದಿದೆ. ಇದನ್ನು ಹೇಳದೆ ಅವನ ಬಣ್ಣವನ್ನು ಹೊಗಳುವುದು ನನಗೆ ಸರಿಕಾಣುವುದಿಲ್ಲ. ಒಂದೊಂದು ಮುಖವನ್ನೂ ಅಷ್ಟು ಆರ್ದ್ರವಾಗಿ ಕಂಡ ಕಣ್ಣಿಗೆ ಪಕ್ಕದ ಮನುಷ್ಯ ಕಾಣಲಿಲ್ಲ. ಇದರಿಂದ ಏನು ತಿಳಿಯಬೇಕೋ ನನಗಿನ್ನೂ ಗೊತ್ತಾಗಿಲ್ಲ.

ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಇನ್ನೊಂದು ಬಗೆ. ಶ್ರೀಮಂತರ ತೈಲಚಿತ್ರಗಳನ್ನು ಬರೆದು ಬರೆದು ರೋಸಿ, 1907ರ ಸುಮಾರಿಗೆ ಅಂಥ ಕೆಲಸ ಒಪ್ಪಿಕೊಳ್ಳುವುದನ್ನೇ ಬಹುಪಾಲು ನಿಲ್ಲಿಸಿದ. ಆಮೇಲೆ ಹೆಚ್ಚಾಗಿ ಹೊರಗೆ, ಬಿಸಿಲಿನಲ್ಲಿ, ಜಲವರ್ಣ. ಅಲ್ಲಿ ಬರುವ ಮನುಷ್ಯರ ಮುಖ ಒಮ್ಮೊಮ್ಮೆ ಟೋಪಿಯ ಕೆಳಗಿನ ಒಂದು ತೇಪೆ ನೆರಳು. ಆದರೂ ಆ ಮನುಷ್ಯನಿಗೆ ಸೆಖೆಯಾಗುತ್ತಿದೆಯೋ ನಿದ್ದೆ ಬರುತ್ತಿದೆಯೋ ಹೇಳಬಹುದು.

(ಇಲ್ಲಿ ಒಂದು ಅಪಘಾತ. ಕೈಯಲ್ಲಿ ಕುಂಚ ಹಿಡಿದೇ ಮಾತನಾಡುತ್ತಿದ್ದೆ. ಅದರ ತುದಿಯಿಂದ ಒಂದು ದೊಡ್ಡ ಹನಿ ಚಿತ್ರದಲ್ಲಿ ನೆರಳಿನ ಕಡೆ, ಕಿವಿಯ ಮೇಲೆ, ಬಿತ್ತು. ಹೊಳಪು ಆಗಲೇ ಹೋಗಿತ್ತು.)

ಬಿತ್ತು ನೋಡಿ. ಬೇಕೆಂದು ಮಾಡಿದ್ದಲ್ಲ, ಆದರೆ ಇಷ್ಟು ಹೊತ್ತು ಅದರ ವಿಷಯವೇ ಮಾತನಾಡಿ ಈಗ ಒರೆಸಿದರೆ ಮರ್ಯಾದೆ ಉಳಿಯುವುದಿಲ್ಲ. ಟಿಶ್ಯೂ ಪಕ್ಕಕ್ಕಿಡುತ್ತೇನೆ. ಅದು ಏನು ಮಾಡುತ್ತದೋ ಮಾಡಲಿ, ಅಷ್ಟರಲ್ಲಿ ನಿಮ್ಮ ಪ್ರಶ್ನೆಗಳು.

ಒಬ್ಬರು ಕೇಳುತ್ತಿದ್ದಾರೆ, ಚರ್ಮಕ್ಕೆ ಯಾವ ಬಣ್ಣ? ಚರ್ಮದ ಬಣ್ಣ ಎಂಬ ಬಣ್ಣವಿಲ್ಲ. ಅಂಥ ಹೆಸರಿನ ಟ್ಯೂಬ್ ಸಿಕ್ಕರೆ ಕೊಳ್ಳಬೇಡಿ. ಮುಖ ಎಷ್ಟು ಕಪ್ಪು ಅಥವಾ ಬಿಳಿ ಇರಲಿ, ಮೂಗು ಕೆನ್ನೆ ಕಿವಿಯಲ್ಲಿ ರಕ್ತ ಹೆಚ್ಚು, ಹಣೆ ಅದಕ್ಕಿಂತ ಹಳದಿ, ಗಲ್ಲದ ಸುತ್ತ ಸ್ವಲ್ಪ ತಣ್ಣಗೆ, ಅಂದರೆ ನೀಲಿಯ ಕಡೆಗೆ. ಬೆಳಕು ನೆರಳಿನ ತೂಕ ಸರಿಯಿದ್ದರೆ ನೇರಳೆ ಮೂಗನ್ನೂ ಜನ ಒಪ್ಪುತ್ತಾರೆ. ಒಂದು ಎಚ್ಚರಿಕೆ ಮಾತ್ರ: ಬಿಸಿಲು. ಬೆಳಕಿಗೆ ಜಲವರ್ಣಗಳು ಮಾಸುತ್ತವೆಂದು ಬ್ರಿಟನ್ನಿನಲ್ಲಿ ರಸೆಲ್ ಮತ್ತು ಆಬ್ನಿ ಎಂಬ ವಿಜ್ಞಾನಿಗಳು 1888ರಲ್ಲೇ ಪ್ರಯೋಗ ಮಾಡಿ ವರದಿ ಕೊಟ್ಟಿದ್ದರು. ನಾನು ಅದನ್ನು ಓದುವ ಮೊದಲು ಒಂದು ಚಿತ್ರದ ತುಟಿಗೆ ಅಲಿಝರಿನ್ ಕ್ರಿಮ್ಸನ್ ಎಂಬ ಕಡುಕೆಂಪು ಹಚ್ಚಿ ಕಿಟಕಿಯ ಎದುರು ತೂಗುಹಾಕಿದ್ದೆ. ವರ್ಷಗಳು ಕಳೆದಂತೆ ಆಕೆಗೆ ರಕ್ತಹೀನತೆ ಬಂತು, ತುಟಿ ಇದ್ದ ಜಾಗ ಮಾತ್ರ ಉಳಿಯಿತು. ಈಗ ಕ್ವಿನಾಕ್ರಿಡೋನ್ ಕೆಂಪುಗಳು ಸಿಗುತ್ತವೆ, ಅವು ಬಹಳ ಗಟ್ಟಿ.

ಫೋಟೊ ನೋಡಿ ಬರೆಯಬಹುದೇ? ಬೇಡ ಎನ್ನಲು ನನಗೆ ಆಸೆ. ಎದುರು ಕುಳಿತವರು ಆಯಾಸಗೊಳ್ಳುತ್ತಾರೆ, ಮುಖ ಬದಲಾಗುತ್ತದೆ, ಆ ಬದಲಾವಣೆಯೇ ಚಿತ್ರಕ್ಕೆ ಮೇವು. ಆದರೆ ಮಾರ್ಲೀನ್ ಡೂಮಾ ಎಂಬ ಚಿತ್ರಕಲಾವಿದೆ ಫೋಟೊಗಳಿಂದಲೇ ಕೆಲಸ ಮಾಡುತ್ತಾರೆ. 1991-92ರಲ್ಲಿ ಅವರು ಕಪ್ಪು ಜನರ ಮುಖಗಳನ್ನು ಮಸಿ ಮತ್ತು ನೀರಿನಲ್ಲಿ ಬರೆದರು. 111 ಚಿತ್ರಗಳು, ಜೊತೆಗೆ ಒಂದು ಸ್ಲೇಟು, ಎಲ್ಲ ಸೇರಿ ಒಂದು ಕೃತಿ. ಒಂದೇ ಮಸಿ, ಆದರೆ ಒಂದು ಮುಖದ ಹಾಗೆ ಇನ್ನೊಂದಿಲ್ಲ. ಅದನ್ನು ನೋಡಿದ ಮೇಲೆ ಫೋಟೊ ಬೇಡ ಎನ್ನುವ ಬಾಯಿ ನನಗಿಲ್ಲ. ಫೋಟೊವನ್ನು ಪಾಲಿಸಬೇಡಿ ಎನ್ನಬಹುದು, ಅಷ್ಟೆ.

ಹಿಂದಿನ ಸಾಲಿನವರು ಕೇಳಿದ್ದು ನನಗೆ ಹಿಡಿಸಿತು: "ನಾನು ಕತೆ ಬರೆಯುವವಳು, ಕುಂಚ ಮುಟ್ಟುವುದಿಲ್ಲ. ಇದರಲ್ಲಿ ನನಗೇನಿದೆ?" ನಾನು ಕತೆ ಬರೆಯುವುದಿಲ್ಲ, ಹಾಗಾಗಿ ಹೇಳುವ ಅಧಿಕಾರವಿಲ್ಲ. ಒಂದು ಆಟ ಹೇಳಬಲ್ಲೆ. ಅಂಗೈಯಷ್ಟು ದೊಡ್ಡ ಕಾಗದಗಳು ಇಪ್ಪತ್ತು, ಕೈಗೆ ಸಿಕ್ಕ ಅತಿ ದಪ್ಪ ಕುಂಚ, ಒಂದೇ ಬಣ್ಣ. ಕನ್ನಡಿಯಲ್ಲಿ ನಿಮ್ಮದೇ ಮುಖ. ಒಂದೊಂದಕ್ಕೆ ನಾಲ್ಕು ನಿಮಿಷ, ಗಡಿಯಾರ ಬಡಿದ ಕೂಡಲೇ ಮುಂದಿನದು. ಮೊದಲ ಐದು ನಾಚಿಕೆಗೇಡಾಗಿರುತ್ತವೆ. ಏಳನೆಯದರ ಹೊತ್ತಿಗೆ ನಿಮಗೆ ಸಿಟ್ಟು ಬರುತ್ತದೆ. ಹನ್ನೆರಡರ ಆಸುಪಾಸಿನಲ್ಲಿ ಕಣ್ಣು ಬರೆಯಲು ಪುರುಸೊತ್ತಿಲ್ಲದೆ ಬಿಟ್ಟಿರುತ್ತೀರಿ, ಆ ಬಿಟ್ಟ ಕಣ್ಣು ನಿಮ್ಮನ್ನು ನೋಡುತ್ತಿರುತ್ತದೆ. ನನಗೆ ಹಾಗಾಯಿತು. ನಿಮ್ಮ ಕತೆಯಲ್ಲಿ ಬಿಡಬಹುದಾದ ಕಣ್ಣು ಯಾವುದೆಂದು ನನಗಿಂತ ನಿಮಗೆ ಗೊತ್ತು.

ಹೆದರಿಕೆಯ ಬಗ್ಗೆ ಯಾರೋ ಕೇಳಿದರು. ಇದೆ. ಪ್ರತಿ ಸಲ ಮೊದಲ ಕುಂಚ ಇಡುವಾಗ ಕೈ ತಣ್ಣಗಾಗುತ್ತದೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎನ್ನುತ್ತಾರಲ್ಲ, ಇಳಿಯುವ ತನಕ ಚಳಿಯೇ.

ಈಗ ನಮ್ಮ ಅಪಘಾತಕ್ಕೆ ಬರೋಣ. ಹನಿ ತನ್ನ ಕೆಲಸ ಮುಗಿಸಿದೆ. ಕಿವಿಯ ಮೇಲೆ ಬಿಳುಚಿದ ಒಂದು ಹರಹು, ಅದರ ಅಂಚು ಸಣ್ಣ ಸಣ್ಣ ಎಳೆಗಳಾಗಿ ನೆರಳಿನೊಳಗೆ ನುಗ್ಗಿದೆ. ಇವರನ್ನು ನೋಡಿ, ಚಿತ್ರ ನೋಡಿ. ಆ ಜಾಗದಲ್ಲಿ ಇವರಿಗೆ ಏನಿದೆ? ನರೆತ ಕೂದಲು. ನಾನು ಅಲ್ಲಿ ಕಡುನೆರಳು ಹಾಕಿ ಮುಚ್ಚಿಬಿಟ್ಟಿದ್ದೆ. ಈಗ ಅದರ ಹಿಂದೆ ಮಾತ್ರ ಒಂದಿಷ್ಟು ಗಾಢ ನೀಲಿ ಕೊಟ್ಟರೆ ಬಿಳುಪು ಮುಂದೆ ಬರುತ್ತದೆ. ಕೊಟ್ಟೆ. ಇನ್ನೊಂದೇ ಒಂದು, ಕನ್ನಡಕ ಕೆನ್ನೆಯ ಮೇಲೆ ಬೀರಿದ ಬಾಗಿದ ನೆರಳು. ಅಷ್ಟೇ. ಕುಂಚ ತೊಳೆಯುತ್ತೇನೆ, ಇಲ್ಲದಿದ್ದರೆ ಕೈ ಸುಮ್ಮನಿರುವುದಿಲ್ಲ.

(ಸಭೆ ಮುಗಿದ ಮೇಲೆ ಆ ಹಿರಿಯರು ಎದ್ದು ಬಂದರು. ಹತ್ತಿರದಿಂದ ನೋಡಲೆಂದು ಕನ್ನಡಕ ತೆಗೆದು ಬಾಗಿದರು. "ನನಗೆ ಕನ್ನಡಕವೇ ಹಾಕಿಲ್ಲವಲ್ಲ" ಎಂದರು. ಎರಡು ಹೆಜ್ಜೆ ಹಿಂದೆ ಹೋಗಿ ನೋಡಿ ಎಂದೆ. ಹಿಂದೆ ಸರಿದರು, ತಮ್ಮ ಕನ್ನಡಕ ಹಾಕಿಕೊಂಡರು, ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದೆ," ಎಂದರು. ಚಿತ್ರವನ್ನು ಆಗಲೇ ಒಯ್ಯಬಹುದೇ ಎಂದು ಕೇಳಿದರು. ಅಂಗೈ ಹಿಂಭಾಗ ತಾಗಿಸಿ ನೋಡಿದೆ, ಕಾಗದ ಇನ್ನೂ ತಣ್ಣಗಿತ್ತು. ಟೇಪ್ ಕೀಳಲು ಇನ್ನೂ ಅರ್ಧ ಗಂಟೆ ಬೇಕು ಎಂದೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು.)